ಕೊನೆಯ ಡಬ್ಬಿಯ ಪ್ಯಾಲಡಿನ್

ವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ರೈಲಿನ ಗಾರ್ಡ್ ಆಗಿದ್ದವರು; ನೌಕರಿಯೆಲ್ಲ ಕೊನೆಯ ಡಬ್ಬಿಯಲ್ಲೇ ಕಳೆದಿತ್ತು. ನಿವೃತ್ತರಾದ ಮೇಲೆ ನನ್ನ ಮತ್ತು ಗೆಳೆಯನ ಕಂಪ್ಯೂಟರ್ ಆಟಕ್ಕೆ ಸೇರಿ, ಪ್ಯಾಲಡಿನ್ ಎಂಬ ಕಾವಲು ವೀರನನ್ನು ಕಟ್ಟಿದರು. ವೀರನ ಬಲ ಹೆಚ್ಚಿಸಲು ಆಟ ಕೊಡುವ ಅಂಕಗಳನ್ನೆಲ್ಲ ಗುರಾಣಿಗೇ ಸುರಿದರು, ಕತ್ತಿಗೆ ಸೊನ್ನೆ.

“ಪ್ಯಾಲಡಿನ್ ಮುಂದ ನಿಂದ್ರಬೇಕ್ರಿ, ಕಾಕಾ,” ಎಂದೆ.

“ನಾ ಹಿಂದ ನಿಂದ್ರಾಂವ,” ಎನ್ನುತ್ತ ಪ್ರತಿ ಗುಹೆಯ ಬಾಗಿಲಲ್ಲೂ ಗಾರ್ಡಿನ ಹಸಿರು ಬಾವುಟದಂತೆ ಕೈ ಬೀಸುತ್ತಿದ್ದರು.

ಕೊನೆಯ ಗುಹೆಯಲ್ಲಿ ಗೆಳೆಯ ಆಡಿಸುತ್ತಿದ್ದ ಮಂತ್ರವಾದಿ ಗಾಯಗೊಂಡು ಎಲ್ಲರಿಗಿಂತ ಹಿಂದೆ ಬಿದ್ದ.

“ಅವನ್ನ ಬಿಟ್ಟು ಓಡಿ ಬರ್ರಿ, ಗೆಲ್ತೀವಿ!” ಎಂದು ಕೂಗಿದೆ. ಕಾಕಾ ತಿರುಗಿ ಹೋಗಿ ಗುರಾಣಿ ಅಡ್ಡ ಹಿಡಿದರು. ಗುಹೆಯ ರಾಕ್ಷಸ ಇಬ್ಬರನ್ನೂ ಮುಗಿಸಿದ; ಆಟ ಕೈತಪ್ಪಿತು.

“ಸೋತ್ವಲ್ರಿ!” ಎಂದು ಸಿಡುಕಿದೆ.

“ಸೋತ್ರ ಸೋತ್ವಿ. ಕಡೀ ಡಬ್ಬಿ ಬಿಟ್ಟು ಹೋಗಲಿಕ್ಕ ನಾ ಎಂದೂ ಹಸಿರು ಬಾವುಟ ತೋರ್ಸಿಲ್ಲ.”

ಕೂತಲ್ಲೇ ಹೊಸ ಪ್ಯಾಲಡಿನ್ ಕಟ್ಟಿದರು. ಈ ಸಲವೂ ಕತ್ತಿಗೆ ಸೊನ್ನೆ.