ಸೋರೆಹೀಚನ್ನು ಬೆರಳಿಟ್ಟು ತೋರಿಸಬಾರದು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅಕ್ಕ. ಏಳುತ್ತಿದ್ದುದು ಓದುವುದಕ್ಕಲ್ಲ, ಹಿತ್ತಲಿನ ಗಿಡಗಳನ್ನು ನೋಡುವುದಕ್ಕೆ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ ನಮ್ಮ ಊರು. ಹಿತ್ತಲೆಂದರೆ ಭಾರಿ ತೋಟವೇನಲ್ಲ. ಬಚ್ಚಲ ನೀರು ಹರಿದುಹೋಗುವ ಕಡೆ ಒಂದಷ್ಟು ಬದನೆಗಿಡ, ಒಂದು ಕರಿಬೇವು, ಕಲ್ಲುಸಂದಿಯಲ್ಲಿ ದೊಡ್ಡಪತ್ರೆ. ಅಕ್ಕ ಒಂದೊಂದು ಗಿಡವನ್ನೂ ಮಾತಾಡಿಸುವವಳಂತೆ ಮುಟ್ಟಿ, ಎಲೆ ಮಗುಚಿ, ಹುಳ ಕಂಡರೆ ಬೂದಿ ಉದುರಿಸಿ, ದೊಡ್ಡಪತ್ರೆ ಹಿಸುಕಿ ಕೈ ಮೂಸಿಕೊಂಡು ಒಳಗೆ ಬರುತ್ತಿದ್ದಳು. ಮುಖ ನೋಡಿದರೆ ಹಬ್ಬದೂಟ ಮುಗಿಸಿ ಬಂದವಳ ಹಾಗಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳು ನೆಟ್ಟ ಸೋರೆಬೀಜ ಬಳ್ಳಿಯಾಗಿ ಚೆನ್ನಾಗಿ ಹಬ್ಬಿ, ಅಡುಗೆಮನೆಯ ಹೆಂಚಿನ ಮೇಲೆ ಹರಡಿಕೊಂಡಿತು. ಎಲೆ ಸವರಿದರೆ ಕರುವಿನ ಕಿವಿ ಮುಟ್ಟಿದ ಹಾಗೆ. ಸಂಜೆಯಾದರೆ ಬೆಳ್ಳನೆಯ ಹೂಗಳು ಅರಳುತ್ತಿದ್ದವು. ಕಾಯಿ ಮಾತ್ರ ಒಂದೂ ಇಲ್ಲ. ಹೂ ಬಿಡುವುದು, ಬಾಡುವುದು, ಉದುರುವುದು, ಇಷ್ಟೇ. ಅಪ್ಪನಿಗೆ ಸಾಕಾಯಿತು. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ತೆಗೆದು, ಜರುಗಿದ್ದನ್ನು ಸರಿಮಾಡಿಸುವುದು ಪ್ರತಿವರ್ಷದ ಕೆಲಸ. ಭಾನುವಾರ ಹೆಂಚಿನವನು ಬರುತ್ತಾನೆ, ಅವತ್ತೇ ಈ ಬಳ್ಳಿಯನ್ನು ಬುಡದಲ್ಲಿ ಕೊಯ್ದುಬಿಡುತ್ತೇನೆ ಎಂದ. ಅಕ್ಕ ಅವತ್ತು ಊಟಕ್ಕೆ ಕೂತವಳು ಮುದ್ದೆ ಮುರಿಯಲೇ ಇಲ್ಲ.

ಶನಿವಾರ ಬೆಳಗ್ಗೆ ನಾನು ಒಗೆಯುವ ಕಲ್ಲಿನ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಮಾಡಿನ ಮೂಲೆಯಲ್ಲಿ ಒಂದು ದೊಡ್ಡ ಎಲೆಯ ಮರೆಯಲ್ಲಿ ಹೀಚು ಕಾಣಿಸಿತು. ನನ್ನ ಕಿರುಬೆರಳಿನಷ್ಟಿತ್ತು. ಮೈತುಂಬ ನವಿರು, ಮೂತಿಯಲ್ಲಿ ಬಾಡಿದ ಹೂ.

ಓಡಿಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳುವಂತಿರಲಿಲ್ಲ. ನಮ್ಮ ಕಡೆ ಹೀಚನ್ನು ಬೆರಳಿಟ್ಟು ತೋರಿಸಬಾರದು, ಕಾಯಿ ಬಿಟ್ಟಿದೆ ಎಂದು ಡಂಗುರ ಹೊಡೆಯಲೂ ಬಾರದು. ದೃಷ್ಟಿ ತಗುಲಿ ಕೊಳೆತುಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅಪ್ಪಿತಪ್ಪಿ ತೋರಿಸಿದವರು ಆ ಬೆರಳನ್ನು ಕಚ್ಚಿಕೊಳ್ಳಬೇಕು. ಹೇಳಿದರೆ ಹೀಚು ಹೋಗುತ್ತದೆ, ಹೇಳದಿದ್ದರೆ ಬಳ್ಳಿಯೇ ಹೋಗುತ್ತದೆ. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಾಯಲ್ಲಿ ಬಿಸಿತುಪ್ಪ. ಇಡೀ ದಿನ ಅದನ್ನು ಇಟ್ಟುಕೊಂಡೇ ಓಡಾಡಿದೆ.

ಭಾನುವಾರ ಹೆಂಚಿನ ಮಾಮ ಬಿದಿರೇಣಿ ಹೊತ್ತುಕೊಂಡು ಬಂದ. ಊರಿನವನೇ ಆದ್ದರಿಂದ ನಾವು ಮಕ್ಕಳು ಅವನನ್ನು ಹಾಗೆ ಕರೆಯುತ್ತಿದ್ದೆವು. ಅಪ್ಪ ಕುಡುಗೋಲು ಹಿಡಿದು ಬಳ್ಳಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಅಕ್ಕ ಬಾಗಿಲಿಗೆ ಒರಗಿ ತುಟಿ ಕಚ್ಚಿಕೊಂಡಿದ್ದಳು, ಕಣ್ಣು ತುಂಬಿತ್ತು. ಅಪ್ಪ ಒಂದು ಒಣಗಿದ ಎಲೆ ಕಿತ್ತ. ಇನ್ನೊಂದು ಕಿತ್ತ. ಆಮೇಲೆ ಎದ್ದು ನಿಂತ.

"ಆ ಮೂಲೆ ಒಂದ್ ಬುಟ್ಬುಡು. ಮಿಕ್ಕಿದ್ ಮಾಡು" ಎಂದ.

ಬಳ್ಳಿ ಕೊಯ್ಯುತ್ತೇನೆ ಎಂದಿದ್ದೆಯಲ್ಲಣ್ಣ ಎಂದು ಮಾಮ ಕೇಳಿದ. ಬುಡು ಅಂದ್ರೆ ಬುಡಪ್ಪ ಎಂದು ಅಪ್ಪ ಬೇರೆ ಕಡೆ ಮುಖ ತಿರುಗಿಸಿದ.

ಮಾಮ ಮೇಲೆ ಹತ್ತಿದವನು ಆ ಮೂಲೆಯ ಎಲೆ ಸರಿಸಿ ಜೋರಾಗಿ ನಗತೊಡಗಿದ. ಹೀಚಿನ ಕೆಳಗೆ ಹುಲ್ಲಿನ ಸಿಂಬೆ ಇತ್ತು, ಅದು ಅಪ್ಪ ಸುತ್ತಿದ್ದು. ಬಿಸಿಲು ಬೀಳದಂತೆ ಹಳೆಯ ಮೊರದ ತುಂಡು ಮುಚ್ಚಿತ್ತು, ಅದು ಅವ್ವನದು. ಬಳ್ಳಿ ಜಾರದಂತೆ ಕಟ್ಟಿದ್ದ ನೀಲಿ ರಿಬ್ಬನ್ನು ಅಕ್ಕನ ಜಡೆಯದು. ಎಲ್ಲರಿಗೂ ಗೊತ್ತಿತ್ತು. ಹೀಚಿಗೆ ಕೇಡಾಗಬಾರದೆಂದು ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ.

"ಒಂದ್ ಹೀಚಿಗೆ ಮನೆಮಂದಿಯೆಲ್ಲಾ ಬಾಣಂತನ ಮಾಡ್ತಾವ್ರಲ್ಲಪ್ಪ" ಎನ್ನುತ್ತ ಮಾಮ ಬೆರಳು ಚಾಚಿ ತೋರಿಸಿಯೇಬಿಟ್ಟ.

ಅಕ್ಕನ ಮುಖ ಸಪ್ಪಗಾಯಿತು. ಮೊದಲು ಬೆರಳು ಕಚ್ಕೋ ಎಂದು ಅವ್ವ ಕೆಳಗಿನಿಂದಲೇ ಗದರಿದಳು. ಪಾಪ, ಅಷ್ಟು ದೊಡ್ಡ ಆಳು ಮಾಡಿನ ಮೇಲೆ ಕೂತು, ಹೆಂಚಿನ ಧೂಳು ಮೆತ್ತಿದ ಬೆರಳನ್ನು ಕಚ್ಚಿಕೊಂಡು ಥೂ ಥೂ ಎಂದು ಉಗುಳಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕ ನಗಲಿಲ್ಲ. ಅವಳು ನಕ್ಕಿದ್ದು ಹೀಚು ತೋಳಿನ ಗಾತ್ರಕ್ಕೆ ಬಂದಮೇಲೆ. ಕಾಯಿ ಕೊಯ್ದ ದಿನ ಅರ್ಧ ಹೋಳನ್ನು ತಾನೇ ಮಾಮನ ಮನೆಗೆ ಕೊಟ್ಟು ಬಂದಳು. ಉಳಿದರ್ಧ ಹುಳಿಯಾಯಿತು. ಹೆಂಚು ಸರಿಮಾಡದ ಆ ಮೂಲೆಯಿಂದ ಮಳೆಗಾಲವೆಲ್ಲ ಅಡುಗೆಮನೆಗೆ ನೀರು ತೊಟ್ಟಿಕ್ಕಿತು. ಅವ್ವ ಒಂದು ಪಾತ್ರೆ ಇಟ್ಟಳು, ಯಾರೂ ಗೊಣಗಲಿಲ್ಲ. ಅಷ್ಟು ನೆಮ್ಮದಿಯ ಮಳೆಗಾಲವನ್ನು ನಾನು ಮತ್ತೆ ಕಂಡಿಲ್ಲ.

ಈಗ ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಹಿತ್ತಲೆಂದರೆ ತಾರಸಿ. ಪೇಂಟಿನ ಬಕೆಟ್ಟುಗಳಲ್ಲಿ ಮಣ್ಣು ತುಂಬಿ ಮೊಮ್ಮಕ್ಕಳು ಟೊಮೆಟೊ, ಹೀರೆ ಬೆಳೆಸುತ್ತಾರೆ. ಸ್ಕೂಲ್ ಬ್ಯಾಗ್ ಬಿಸಾಡಿ ನೇರ ಮೇಲೆ ಓಡುತ್ತಾರೆ. ನಾವು ಹೀಚು ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು, ಇವರು ಮೊಬೈಲ್ ತೆಗೆಯುತ್ತಾರೆ. ನಮ್ಮ ಸಂತೋಷ ಎಲೆಯ ಮರೆಯಲ್ಲಿರುತ್ತಿತ್ತು, ಇವರದು ಆ ಗಳಿಗೆಯಲ್ಲೇ ನೆಂಟರಿಷ್ಟರ ಮನೆಗಳನ್ನೆಲ್ಲ ತಲುಪುತ್ತದೆ. ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು.

ಮೊನ್ನೆ ಮೊದಲ ಹೀರೆಹೀಚಿನ ಫೋಟೋ ಕುಣಿಗಲ್‌ನಲ್ಲಿರುವ ಅಕ್ಕನಿಗೂ ಹೋಯಿತು. ಅವಳಿಗೀಗ ಮಂಡಿನೋವು, ಮೆಟ್ಟಿಲು ಹತ್ತುವುದೇ ಕಷ್ಟ. ಕೂಡಲೇ ನನಗೆ ಫೋನ್ ಮಾಡಿ, ಹೀಚನ್ನು ಊರಿಗೆಲ್ಲ ತೋರಿಸುತ್ತಾರಲ್ಲ, ದೊಡ್ಡವನಾಗಿ ನಿನಗಾದರೂ ಬುದ್ಧಿ ಬೇಡವೇ ಎಂದು ಚೆನ್ನಾಗಿ ಬೈದಳು. ಬೈದು ಮುಗಿದ ಮೇಲೂ ಅವಳು ಫೋನ್ ಇಡಲಿಲ್ಲ.

"ಏನ್ಲಾ," ಎಂದಳು ಮೆಲ್ಲಗೆ, "ಮಕ್ಳಿಗೆ ಹೇಳಿ ಇನ್ನೊಂದ್ ಫೋಟೋ ಕಳಿಸ್ಲಾ. ವಸಿ ಹತ್ರದಿಂದ ತೆಗೀಲಿ. ನಂಗೆ ಸರಿಯಾಗ್ ಕಾಣಿಸ್ಲಿಲ್ಲ ಕಣೋ."