ನಾನು ಸೇರಿಸಿದ ಶಬ್ದ

ನಾನು ನಿಂತದ್ದು ಅಕ್ಕ ಕೂತ ಸ್ಟೂಲಿನ ಹಿಂದೆ, ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ. ಕುಮಟೆಯ ಒಂದು ದವಾಖಾನೆ, ಆರು ವರ್ಷದ ಹಿಂದಿನ ಜುಲೈ, ಸೋಮವಾರ, ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹೊಡೆದು ಐದು ನಿಮಿಷ. ಇಷ್ಟು ಖಚಿತವಾಗಿ ಹೇಳುವುದೇಕೆಂದರೆ, ಅಂದು ಹೇಳಬೇಕಾದದ್ದನ್ನು ನಾನು ಖಚಿತವಾಗಿ ಹೇಳಲಿಲ್ಲ. ಇವತ್ತು ಕಪಾಟು ಒರೆಸುವಾಗ ಹಳೆಯ ಟಾನಿಕ್ ಬಾಟಲಿಯ ಮುಚ್ಚಳ ಸಿಕ್ಕಿತು. ತಳದಲ್ಲಿ ಕೆಂಪು ಅಂಟು ಇನ್ನೂ ಇದೆ.

ತದಡಿಯಲ್ಲಿ ನಮ್ಮ ಮನೆಮಾತು ಕೊಂಕಣಿ. ಅಕ್ಕ ಮೀನು ಮಾರುವವಳು. ಅವಳಿಗೆ ಕನ್ನಡ ಬಾರದು ಎಂದೇ ನಾವೆಲ್ಲ ಹೇಳುತ್ತಿದ್ದೆವು. ಅದು ಪೂರ್ತಿ ನಿಜವಲ್ಲ. ಬಂಗುಡೆಗೆ ದರ ಹೇಳಲು, ಚೌಕಾಸಿಯವರನ್ನು ಅಟ್ಟಲು ಅವಳ ಕನ್ನಡ ಧಾರಾಳ ಸಾಕಿತ್ತು. "ಎಂತ ಮಾಸ್ತರ್ರೇ, ಮೀನು ಮೂಸುಕೆ ಬಂದದ್ದೋ, ತಕಂಬುಕೆ ಬಂದದ್ದೋ?" ಎಂದು ನಮ್ಮ ಹೆಡ್‌ಮಾಸ್ತರರನ್ನೇ ಕೇಳಿದವಳು. ಅಳುವುದು ಮಾತ್ರ ಕೊಂಕಣಿಯಲ್ಲಿ. ನಾನೋ, ಶಾಲೆಯ ಗುಮಾಸ್ತ. ಕೇರಿಯವರ ಅರ್ಜಿಗಳೆಲ್ಲ ನನ್ನ ಕೈಬರಹದಲ್ಲೇ ಹೋಗುತ್ತಿದ್ದವು. ಒಂದೇ ಅರ್ಜಿಗೆ ಎರಡು 'ಸವಿನಯ' ಹಾಕಿ ಬೀಗುವವನು.

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಇದ್ದ ಆ ದಿನಗಳಲ್ಲಿ ಅಕ್ಕ ನಿದ್ದೆ ಬಿಟ್ಟಳು, ತಲೆ ಬಾಚುವುದನ್ನೂ ಬಿಟ್ಟಳು. ಅವಳ ಮಗಳಿಗೆ ಭಟ್ಕಳದ ಕಡೆಯ ಒಂದು ಮನೆಯವರೊಂದಿಗೆ ಮದುವೆಯ ಮಾತುಕತೆ ನಡೆದಿತ್ತು. ದವಾಖಾನೆಯ ಡಾಕ್ಟರು ಬಯಲುಸೀಮೆಯವರು, ಕೊಂಕಣಿ ತಿಳಿಯದು. "ಏನಂತೆ ತೊಂದ್ರೆ?" ಎಂದು ನನ್ನನ್ನು ಕೇಳಿದರು.

ಅಕ್ಕ ಕಿಟಕಿ ನೋಡುತ್ತ ಅಂದಳು: "ಮಾಕಾ ನಾಕಾ ಜಾಲಾಂ."

ನನಗೆ ಬೇಡವಾಗಿದೆ. ಏನು ಬೇಡವಾಗಿದೆ ಎಂದು ಅವಳು ಹೇಳಲಿಲ್ಲ. ಕನ್ನಡದಲ್ಲೂ ಅದನ್ನು ಹಾಗೆಯೇ, ಖಾಲಿಯಾಗಿ ಹೇಳಬಹುದಿತ್ತು. ನಾನು ಹೇಳಿದ್ದು: "ಅನ್ನ ಬೇಡ ಅನ್ನಿಸ್ತದಂತೆ ಸರ್."

ಮೂಲೆಯಲ್ಲಿ ಸಿರಿಂಜು ಜೋಡಿಸುತ್ತಿದ್ದ ನರ್ಸ್ ಪಾರ್ವತಿ ನಮ್ಮ ಕಡೆಯವರೇ, ಕೊಂಕಣಿ ಬಲ್ಲವರು. ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೆ ತಲೆ ತಗ್ಗಿಸಿದರು.

ನನಗೆ ಅರ್ಥವಾಗಿರಲಿಲ್ಲವೇ? ಆಗಿತ್ತು. ಆದದ್ದರಿಂದಲೇ ಅನ್ನವನ್ನು ಸೇರಿಸಿದೆ. ಹುಡುಗಿಯ ತಾಯಿಗೆ ತಲೆ ಸರಿ ಇಲ್ಲ ಎಂಬ ಸುದ್ದಿ ಭಟ್ಕಳದವರೆಗೆ ಹೋಗಬಾರದಿತ್ತು. ಟಾನಿಕ್ ಸಿಕ್ಕಿತು, ಮದುವೆಯೂ ಆಯಿತು. ಮಾರುಕಟ್ಟೆಯಲ್ಲಿ ಅಕ್ಕನ ಜಾಗದಲ್ಲಿ ಬೇರೆಯವರು ಬುಟ್ಟಿ ಇಟ್ಟರು. ಕೇಳಿದವರಿಗೆಲ್ಲ "ಅವಳಿಗೆ ಹಸಿವಿಲ್ಲ" ಎಂದೆ. ನಾಲ್ಕು ವರ್ಷ ಹೇಳಿ ಹೇಳಿ ನನಗೂ ನಂಬಿಕೆ ಬಂತು.

ಕೊನೆಗೆ ಆ ಮಗಳೇ ಹಟ ಹಿಡಿದು ನಮ್ಮನ್ನು ಹೊನ್ನಾವರಕ್ಕೆ ಕರೆದೊಯ್ದಳು. ಅಲ್ಲಿ ಶೈಲಾ ಮೇಡಂ ಎಂಬ ಆಪ್ತ ಸಮಾಲೋಚಕಿ. ಅವರಿಗೆ ಕನ್ನಡ, ಕೊಂಕಣಿ ಎರಡೂ ಸಲೀಸು. ಕಾಯಿಲೆಯ ಮಾತೇ ಎತ್ತದೆ ಮೊದಲು ತದಡಿಯ ಮೀನಿನ ದರ ಕೇಳಿದರು. ಅಕ್ಕನ ಕೈಯಲ್ಲಿದ್ದ ಇಡಗುಂಜಿ ದೇವಸ್ಥಾನದ ಹರಕೆಯ ದಾರ ನೋಡಿ, "ಇದು ಇರಲಿ. ನನ್ನ ಹತ್ರಾನೂ ಬನ್ನಿ" ಎಂದು ಕೊಂಕಣಿಯಲ್ಲಿ ಅಂದರು. ನಾನು ಅಭ್ಯಾಸಬಲದಿಂದ "ಅವಳಿಗೆ ಊಟ..." ಎಂದು ಶುರುಮಾಡಿದೆ.

"ತಡೀರಿ ಅಣ್ಣಾ. ಅಕ್ಕಂಗೆ ಪುರಸೊತ್ತು ಉಂಟು, ನಂಗೂ ಉಂಟು."

ಅಕ್ಕ ಅದೇ ಮೂರು ಶಬ್ದ ಹೇಳಿದಳು. ಮೇಡಂ ಪೆನ್ನು ಮುಟ್ಟಲಿಲ್ಲ. "ಕಿತೆಂ ನಾಕಾ, ಬಾಯ್?" ಏನು ಬೇಡ, ಅಕ್ಕಾ? ಅಷ್ಟೇ ಕೇಳಿದರು. ಹೊರಗೆ ಎರಡು ಬಸ್ಸು ಹೋದವು.

"ಸಕಾಳ್," ಅಂದಳು ಅಕ್ಕ. ಬೆಳಗು. ಅವಳಿಗೆ ಬೇಡವಾದದ್ದು ಬೆಳಗಾಗುವುದು.

ಆಮೇಲೆ ನನ್ನ ಕಡೆ ತಿರುಗಿದಳು. ನಮ್ಮಿಬ್ಬರ ನಡುವೆ ಅದುವರೆಗೆ ಕನ್ನಡ ಬಂದಿರಲಿಲ್ಲ. ಅಂದು ಅವಳು ಪೇಟೆಯ ಕನ್ನಡದಲ್ಲೇ ಮಾತಾಡಿದಳು. "ಅವತ್ತೂ ಇದೇ ಹೇಳಿದ್ದೆ. ನೀ ಅನ್ನ ಅಂದೆ. ನಂಗೆ ಕೇಳಿತ್ತು. ಹುಡುಗಿ ಮದ್ವೆ ಮಾತಿತ್ತಲ, ಸುಮ್ಮನಾದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹೊರಡುವಾಗ ಮೇಡಂ, "ನೀವೂ ಒಂದಿನ ಒಬ್ರೇ ಬನ್ನಿ ಅಣ್ಣಾ" ಎಂದರು. "ನಂಗೆಂತ ಆಗಿದೆ?" ಎಂದು ನಕ್ಕೆ. ಎರಡು ವರ್ಷವಾಯಿತು, ಹೋಗಿಲ್ಲ. ಅಕ್ಕ ಮಾತ್ರ ತಿಂಗಳಿಗೊಮ್ಮೆ ತಾನೇ ಬಸ್ಸು ಹತ್ತಿ ಹೋಗುತ್ತಾಳೆ. ಬೆಳಗು ಇನ್ನೂ ಅವಳಿಗೆ ಸುಲಭವಲ್ಲ. ಕೆಲವು ದಿನ ಏಳುತ್ತಾಳೆ, ಕೆಲವು ದಿನ ಇಲ್ಲ. ಏಳದ ದಿನ ಯಾರಾದರೂ ಕೇಳಿದರೆ, ಅವಳನ್ನೇ ಕೇಳಿ ಎನ್ನುತ್ತೇನೆ.

ಕುಮಟೆಯ ಆ ಕೋಣೆಯಲ್ಲಿ ನಾಲ್ವರಿದ್ದೆವು. ಡಾಕ್ಟರು ವರ್ಗವಾಗಿ ಹೋದ ಊರಲ್ಲೇ ತೀರಿಕೊಂಡರಂತೆ. ಪಾರ್ವತಿ ಸಿಸ್ಟರ್ ನಿವೃತ್ತರಾಗಿ ಕುಮಟೆಯಲ್ಲೇ ಇದ್ದಾರೆ. ಎದುರಾದರೆ ಇಬ್ಬರೂ ಮಳೆಯ ಮಾತಾಡಿ ಮುಂದೆ ಹೋಗುತ್ತೇವೆ. ನಾನಿದ್ದೇನೆ. ಅಕ್ಕ ಇದ್ದಾಳೆ.