ಹುಳಿ ಬಂದ ಕಬ್ಬಿನ ಹಾಲು

ಕೆಲಸಕ್ಕೆ ಸೇರಿದ ಮೂರನೇ ದಿನ, ಬೆಳಗ್ಗೆ ಹತ್ತು ಗಂಟೆಗೆ, ನಮ್ಮ ಮೇಲಧಿಕಾರಿ ಹೆಂಕ್ ನನ್ನ ಕೈಗೆ ಸಾರಾಯಿಯ ಲೋಟ ಕೊಟ್ಟು, "ಮೂಸು, ಬಾಯಿ ಮುಕ್ಕಳಿಸು, ಉಗಿ, ಆಮೇಲೆ ಬರಿ" ಎಂದ. ಉಗಿಯುವುದಕ್ಕೆ ಪಕ್ಕದಲ್ಲಿ ಹೊಳೆಯುವ ಸ್ಟೀಲ್ ಬಕೆಟ್ಟು. ಹೊರಗೆ ಡಚ್ಚರ ನಾಡಿನ ಹೂಫ್‌ಡಾರ್ಪ್‌ ಊರಿನ ಗಾಜಿನ ಆಫೀಸು ಕಟ್ಟಡಗಳು, ಅವುಗಳ ನೆತ್ತಿಗೇ ತಾಗುವಂತೆ ಇಳಿಯುವ ವಿಮಾನಗಳು. ನಾನೋ ಮಂಡ್ಯ ಕಡೆಯವಳು. ಊರಿನ ಬ್ರಾಂದಿ ಅಂಗಡಿ ದಾಟುವಾಗ ದುಪಟ್ಟಾ ಮೂಗಿಗೆ ಒತ್ತಿಕೊಂಡು ಬೆಳೆದವಳು. "ಕಬ್ಬಿನ ಪಾನೀಯಗಳ ಗುಣಮಟ್ಟ ಪರೀಕ್ಷೆ" ಎಂದು ಜಾಹೀರಾತಿನಲ್ಲಿ ಓದಿ, ಯಂತ್ರ ಪರೀಕ್ಷೆ ಮಾಡುತ್ತದೆ, ನಾನು ಅಂಕಿ ಬರೆದುಕೊಂಡರೆ ಸಾಕು ಅಂದುಕೊಂಡಿದ್ದೆ. ಯಂತ್ರ ನಾನೇ ಎಂದು ಅವತ್ತು ಗೊತ್ತಾಯಿತು.

ಲೋಟ ಮೂಗಿನ ಹತ್ತಿರ ಬಂತು ನೋಡಿ, ನನಗೆ ತಲೆಯೇ ತಿರುಗಿತು. ಅಮಲಿಗಲ್ಲ. ಅದು ನಮ್ಮ ಆಲೆಮನೆಯ ಹಿಂದಿನ ಗುಂಡಿಯ ವಾಸನೆ! ನಮ್ಮಪ್ಪ ಬೆಲ್ಲ ಕಾಯಿಸುವವನು. ಕಬ್ಬು ಅರೆದು ಬಂದ ರಸಕ್ಕೆ ನಾವು ಕಬ್ಬಿನ ಹಾಲು ಅನ್ನುತ್ತೇವೆ. ಅದು ಬೇಗ ಕೊಪ್ಪರಿಗೆ ಸೇರಬೇಕು. ತಡವಾದರೆ ಹುಳಿ ಬರುತ್ತದೆ, ಹುಳಿ ಬಂದ ಹಾಲಿನಲ್ಲಿ ಬೆಲ್ಲ ಕಟ್ಟುವುದಿಲ್ಲ, ಗುಂಡಿಗೆ ಚೆಲ್ಲಬೇಕು. ಸ್ಕೂಲಿಗೆ ಹೋಗುವ ಮೊದಲು ಡ್ರಮ್ಮಿನ ಬಾಯಿಗೆ ಮೂಗಿಟ್ಟು ಹುಳಿ ಬಂದಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸವಾಗಿತ್ತು. ಒಂದು ಸಲವೂ ತಪ್ಪಿದವಳಲ್ಲ. ಆ ಜಂಬದಲ್ಲೇ ಹೆಂಕ್ ಕೊಟ್ಟ ಕಾಗದದ ಮೇಲೆ, "ಕೆಟ್ಟಿದೆ. ವಾಪಸ್ ಕಳಿಸಿ" ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ.

ಹೆಂಕ್ ಅದನ್ನು ಓದಿ, ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದ. ನಾನು ಕೆಟ್ಟಿದೆ ಎಂದದ್ದು ಅವರ ಉಗ್ರಾಣದಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಕಶಾಸಾ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ನಿಂತಿದ್ದವಳು ಲುಝಿಯಾ ಒಬ್ಬಳೇ. ಬ್ರೆಜಿಲಿನವಳು, ಬಾಟಲಿ ತುಂಬುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಇಂಗ್ಲಿಷಿನಲ್ಲೇ ನನ್ನನ್ನು ಗದರಿಸಿದಳು: "ನಮ್ಮಪ್ಪ ಜೀವ ಸವೆಸಿ ಮಾಡೋ ಮಾಲನ್ನ ನೀನು ಕೆಟ್ಟಿದೆ ಅಂತೀಯಾ?"

ಕಶಾಸಾ ಎಂದರೆ ಬ್ರೆಜಿಲಿನ ಕಬ್ಬಿನ ಸಾರಾಯಿ. ನೀವು ರಮ್ಮಿನ ಹೆಸರು ಕೇಳಿರುತ್ತೀರಿ. ಹೆಚ್ಚಿನ ರಮ್ಮು ಹುಟ್ಟುವುದು ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕದಿಂದ. ಕಶಾಸಾಕ್ಕೆ ಹಸಿ ಹಾಲೇ ಬೇಕು. ಲುಝಿಯಾಳ ಊರಿನಲ್ಲಿ ಅರೆದ ಹಾಲಿಗೆ ಮುಸುಕಿನ ಜೋಳದ ಹಿಟ್ಟು ಬೆರೆಸಿ ಹುಳಿ ಬರಿಸುತ್ತಾರಂತೆ. ನಾವು ದೋಸೆ ಹಿಟ್ಟಿಗೆ ಹಳೇ ಹಿಟ್ಟು ಸೇರಿಸುವ ಹಾಗೆ, ಹಿಂದಿನ ದಿನದ್ದನ್ನು ಸ್ವಲ್ಪ ಉಳಿಸಿಕೊಂಡು ಮುಂದಿನ ದಿನದ್ದಕ್ಕೆ ಸೇರಿಸುತ್ತಾರಂತೆ. ಆಮೇಲೆ ಭಟ್ಟಿ. ರಮ್ಮಿಗೆ ಸುಟ್ಟ ಸಕ್ಕರೆಯ, ಓಕ್ ಮರದ ಪೀಪಾಯಿಯ ಗತ್ತು ಬರುತ್ತದೆ. ಕಶಾಸಾದಲ್ಲಿ ಹಸಿ ಕಬ್ಬಿನ ಸೋಗೆ, ಹುಲ್ಲು, ಹುಳಿ ಎಲ್ಲ ಹಾಗೇ ಇರುತ್ತದೆ. ನಮ್ಮಪ್ಪ ಎಲ್ಲಿ ಹಾಲು ಚೆಲ್ಲುತ್ತಾನೋ ಅಲ್ಲಿಂದ ಅವಳಪ್ಪನ ಕೆಲಸ ಶುರುವಾಗುತ್ತದೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನ್ನ ಮೂಗಿಗೆ ಎರಡು ತಿಂಗಳು ಹಿಡಿಯಿತು.

ಜಗಳವಾಡಿದವಳೇ ಮನೆ ಕೊಟ್ಟಳು. ಹಾರ್ಲೆಮ್‌ನಲ್ಲಿ ಅವಳು ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆ. ಇಲ್ಲಿಯ ಮನೆಗಳ ಮೆಟ್ಟಿಲು ಏಣಿಯಷ್ಟೇ ಕಡಿದು. ಪಾತ್ರೆ ಹಿಡಿದು ಇಳಿಯುವಾಗ ಗೋಡೆಯನ್ನೇ ತಬ್ಬಿಕೊಳ್ಳುತ್ತಿದ್ದೆ. ಎಲ್ಲದಕ್ಕೂ ಅಫ್‌ಸ್ಪ್ರಾಕ್, ಅಂದರೆ ಮೊದಲೇ ಹೇಳಿ ಗೊತ್ತು ಮಾಡಿಕೊಂಡ ಸಮಯ, ಬೇಕು. ಗೆಳತಿಯ ಮನೆಗೆ ಟೀ ಕುಡಿಯಲು ಹೋಗಬೇಕಾದರೂ ಬೇಕು. ಮಧ್ಯಾಹ್ನ ಆಫೀಸಿನಲ್ಲಿ ಎಲ್ಲರೂ ತಣ್ಣನೆಯ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿನ್ನುತ್ತಿದ್ದರು, ನಾನು ಡಬ್ಬಿ ತೆಗೆದರೆ ಒಗ್ಗರಣೆಯ ಘಮಕ್ಕೆ ಹತ್ತು ಕತ್ತು ತಿರುಗುತ್ತಿದ್ದವು. ಆದರೆ ಮೂಗಿನ ಕೆಲಸದಲ್ಲಿ ಪಳಗಿದೆ. ವರ್ಷ ತುಂಬುವುದರೊಳಗೆ ಹೆಂಕ್ ಹೊಸಬರಿಗೆ ನನ್ನನ್ನು ತೋರಿಸಿ, "ಇವಳು ನಮ್ಮ ಮೂಗು" ಅನ್ನುತ್ತಿದ್ದ.

ಮನೆಯಲ್ಲಿ ಮಾತ್ರ ಸುಳ್ಳು. "ಕಬ್ಬಿನ ಹಾಲಿನ ಕಂಪನಿ ಕಣವ್ವ" ಎಂದಿದ್ದೆ. ಅವ್ವ ಅದನ್ನು ಜ್ಯೂಸ್ ಕಂಪನಿ ಮಾಡಿ ಬೀದಿಗೆಲ್ಲ ಹಂಚಿದ್ದಳು. ಅಪ್ಪ ಒಮ್ಮೆ, "ಅಷ್ಟ್ ದೂರಕ್ ಹಾಲ್ ಹೋಗಗಂಟ ಹುಳಿ ಬರಕಿಲ್ವಾ?" ಎಂದು ಕೇಳಿದ. "ಐಸ್ ಹಾಕ್ತಾರೆ ಕಣಪ್ಪ" ಎಂದು ಮಾತು ಮರೆಸಿದೆ.

ಅಷ್ಟರಲ್ಲಿ ಕೊರೊನಾ ಬಂದು ಜಗತ್ತೇ ಬಾಗಿಲು ಹಾಕಿಕೊಂಡಿತ್ತು. ಹೋಟೆಲುಗಳಿಗೆ ಬೀಗ. ನಮ್ಮ ಮಾದರಿ ಬಾಟಲಿಗಳು ಅಂಚೆಯಲ್ಲಿ ಮನೆಗೇ ಬರತೊಡಗಿದವು. ಅಡುಗೆಮನೆಯ ಸಿಂಕಿನಲ್ಲಿ ಉಗಿಯುತ್ತಾ, ಕಂಪ್ಯೂಟರಿನಲ್ಲಿ ಹೆಂಕ್‌ಗೆ ವರದಿ ಒಪ್ಪಿಸುತ್ತಿದ್ದೆ. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಆ ಏಣಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಲುಝಿಯಾ, "ಮಂಜು, ಕಾಲು ಕಟ್ಟಿಹಾಕ್ತೀನಿ ನೋಡು" ಅನ್ನುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೊಂದರ ಫೆಬ್ರುವರಿಯಲ್ಲಿ ನನಗೂ ತಗುಲಿತು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಐದನೇ ದಿನ ಸಾಸಿವೆ ಸಿಡಿಯಲು ಇಟ್ಟು, ಒಲೆಗೆ ಬೆನ್ನು ಹಾಕಿ ಈರುಳ್ಳಿ ಹೆಚ್ಚುತ್ತಿದ್ದೆ. ಲುಝಿಯಾ ಕೆಮ್ಮುತ್ತಾ ಓಡಿಬಂದು ಬಾಣಲೆ ಎತ್ತಿ ಸಿಂಕಿಗೆ ಎಸೆದಳು. ಮನೆ ತುಂಬ ಹೊಗೆ. ಸಾಸಿವೆ, ಮೆಣಸಿನಕಾಯಿ ಕರಕಲಾಗಿದ್ದವು. ನನ್ನ ಮೂಗಿಗೆ ಏನೂ ಇಲ್ಲ. ಓಡಿಹೋಗಿ ಇಂಗಿನ ಡಬ್ಬಿ ತೆಗೆದು ಮೂಸಿದೆ. ಇಂಗು ಸ್ವಾಮಿ, ಇಂಗು! ಸುಣ್ಣದ ಪುಡಿ ಮೂಸಿದ ಹಾಗಿತ್ತು.

ಏಪ್ರಿಲ್ ಕೊನೆಗೆ ನನ್ನ ಕೆಲಸದ ಕರಾರು ಮುಗಿಯುವುದಿತ್ತು. ಅದು ಮುಂದುವರಿದರಷ್ಟೇ ಈ ದೇಶದಲ್ಲಿ ಇರುವ ಪರವಾನಗಿ. ಮೂಗಿಲ್ಲದ ಮೂಗನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೆದರಿಕೆಯಾಯಿತು. ಹೆಂಕ್‌ಗೆ ಹೇಳಲಿಲ್ಲ.

ವಾರ ಕಳೆದು ಐದು ಬಾಟಲಿಗಳು ಬಂದವು. ಎಲ್ಲವೂ ನೀರಿನಂತೆ ತಿಳಿ, ಮೇಲೆ ನಂಬರು ಮಾತ್ರ. ಯಾವುದು ಕಶಾಸಾ, ಯಾವುದು ಬಿಳಿ ರಮ್ಮು ಹೇಳಬೇಕು. "ನೀನು ಮೂಸಿ ಹೇಳು" ಎಂದು ಲುಝಿಯಾಳನ್ನು ಅಂಗಲಾಚಿದೆ. "ಮಾಡಲ್ಲ. ಹೆಂಕ್‌ಗೆ ಫೋನ್ ಮಾಡು, ನಿಜ ಹೇಳು" ಎಂದು ಬಾಗಿಲು ಹಾಕಿಕೊಂಡಳು. ಆಗ ಆಲೆಮನೆಯ ಬುದ್ಧಿ ಓಡಿಸಿದೆ. ಅಪ್ಪ ಕುದಿಯುವ ಪಾಕದ ಗುಳ್ಳೆ ನೋಡಿಯೇ ಬೆಲ್ಲದ ಹದ ಹೇಳುತ್ತಾನೆ. ಲುಝಿಯಾಳ ಊರಿನಲ್ಲೂ ಬಾಟಲಿ ಕುಲುಕಿ ಗುಳ್ಳೆ ಎಣಿಸುತ್ತಾರೆ ಎಂದು ಕೇಳಿದ್ದೆ. ಒಂದೊಂದನ್ನೇ ಕುಲುಕಿದೆ. ಗುಳ್ಳೆ ಹೆಚ್ಚು ಹೊತ್ತು ನಿಂತ ಎರಡಕ್ಕೆ ಕಶಾಸಾ ಎಂದು ಬರೆದು, "ಹಸಿ ಹುಲ್ಲಿನ ವಾಸನೆ, ತೆಳು ಹುಳಿ" ಎಂದು ಕಣ್ಣುಮುಚ್ಚಿ ಸೇರಿಸಿಬಿಟ್ಟೆ.

ಗುಳ್ಳೆ ಹೇಳುವುದು ಸಾರಾಯಿಯ ಅಮಲು ಎಷ್ಟೆಂಬುದನ್ನು, ಅದು ಯಾವುದರಿಂದ ಹುಟ್ಟಿತೆಂಬುದನ್ನಲ್ಲ. ನಾನು ಕಶಾಸಾ ಎಂದ ಎರಡೂ ರಮ್ಮಾಗಿದ್ದವು.

ಕಂಪ್ಯೂಟರಿನ ಪರದೆಯಲ್ಲಿ ಹೆಂಕ್ ನನ್ನ ವರದಿಯನ್ನು ಬದಿಗಿಟ್ಟ. "ಮೂಗು ಯಾವಾಗ ಹೋಯಿತು?" ಎಂದ. ಅಳು ತಡೆಯಲಾಗಲಿಲ್ಲ. ಇಲ್ಲಿಯವರು ಬೆಣ್ಣೆ ಹಚ್ಚಿ ಮಾತಾಡುವವರಲ್ಲ. "ಮೂಗು ಹೋಗಿದ್ದು ಕಾಯಿಲೆ, ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಹುಲ್ಲಿನ ವಾಸನೆ ಬಂತು ಅಂತ ಬರೆದೆಯಲ್ಲ, ಅದು ಸುಳ್ಳು. ಏಪ್ರಿಲ್ ಕೊನೆಯ ವಾರ ನನ್ನ ಮುಂದೆ ಕೂತು ಮೂಸಬೇಕು. ಆಗದಿದ್ದರೆ ಉಗ್ರಾಣದಲ್ಲಿ ಕೆಲಸ ಕೊಡಬಹುದು, ಆದರೆ ಆ ಕೆಲಸಕ್ಕೆ ನಿನ್ನ ಪರವಾನಗಿ ಆಗುವುದಿಲ್ಲ" ಎಂದ. ಮರ್ಯಾದೆ ಮೂರು ಕಾಸಿಗೆ ಹೋಯಿತು. ಲುಝಿಯಾ ಕಾಫಿ ತಂದಿಟ್ಟಳು. ಅದಕ್ಕೂ ವಾಸನೆಯಿರಲಿಲ್ಲ.

ಡಾಕ್ಟರು ಬೆಳಗ್ಗೆ ಸಂಜೆ ಲವಂಗ, ನಿಂಬೆ ಮೂಸಲು ಹೇಳಿದರು. ಮೂಸಿದೆ. ಮೂಸಿ ಮೂಸಿ ಸಾಕಾಗಿ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದೆ. ಏಪ್ರಿಲ್‌ನಲ್ಲಿ ಹಾರ್ಲೆಮ್‌ನ ದಕ್ಷಿಣಕ್ಕೆ ಹಯಸಿಂತ್ ಹೂವಿನ ಹೊಲಗಳು ಅರಳುತ್ತವೆ, ನೀಲಿ, ಗುಲಾಬಿ, ಬಿಳಿ, ಕಣ್ಣು ಹಾಯುವಷ್ಟು ದೂರ. ಜನ ದಾರಿ ಬದಿಯಲ್ಲಿ ಸೈಕಲ್ ನಿಲ್ಲಿಸಿ, ಮಾಸ್ಕ್ ಕೆಳಗೆಳೆದು, ಕಣ್ಣುಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ನಾನೂ ನಿಂತು ಎಳೆದುಕೊಂಡೆ. ತಣ್ಣನೆಯ ಗಾಳಿ ಬಂತು, ಅಷ್ಟೆ. ಆ ಜನರ ಮೇಲೆಲ್ಲ ಕೆಟ್ಟ ಸಿಟ್ಟು ಬಂದು ಬಂದ ದಾರಿಯಲ್ಲೇ ತಿರುಗಿದೆ.

ಅದೇ ವಾರ ಅಪ್ಪ ಕಳಿಸಿದ ಬೆಲ್ಲದ ಪಾರ್ಸೆಲ್ ಬಂತು. ಹೊರಟು ಎರಡು ತಿಂಗಳಾಗಿತ್ತು. ಬಿಚ್ಚುತ್ತಿರುವಾಗಲೇ ವಿಡಿಯೊದಲ್ಲಿ ಅಪ್ಪ.

"ಎಂಗದೆ ಈ ಸತಿ ಬೆಲ್ಲ?"

"ಘಮ್ಮಂತದೆ ಕಣಪ್ಪ."

ಅಪ್ಪ ಪರದೆಗೆ ಮುಖ ಹತ್ತಿರ ತಂದ. "ಸುಳ್ಳ್ ಯಾಕವ್ವ ಹೇಳೀಯೆ? ಅದು ಸೀದ್ ಬೆಲ್ಲ. ನಿಮ್ಮವ್ವ ಗೊತ್ತಿಲ್ದಂಗೆ ತಳದ್ದ ತುಂಬ್ಬುಟ್ಟವಳೆ. ಕಳಿಸಿದ್ ಮ್ಯಾಲೆ ನಂಗೆ ತಿಳೀತು. ಮೊದ್ಲಿನ್ ನೀನಾಗಿದ್ರೆ ಕವರ್ ಬಿಚ್ಚ್‌ತಿದ್ದಂಗೆ ನನ್ನ ಬೈಬೇಕಾಗಿತ್ತು. ಏನಾಗದೆ ನಿಂಗೆ?"

ಎರಡನೇ ಸಲ ಸಿಕ್ಕಿಬಿದ್ದಿದ್ದೆ. ಈ ಸಲ ಎಲ್ಲವನ್ನೂ ಹೇಳಿಬಿಟ್ಟೆ. ಮೂಗು ಹೋದದ್ದು, ಜ್ಯೂಸ್ ಕಂಪನಿ ಜ್ಯೂಸ್ ಕಂಪನಿಯಲ್ಲದ್ದು, ಹುಳಿ ಬಂದ ಹಾಲಿನ ಸಾರಾಯಿ ಮೂಸುವುದೇ ನನ್ನ ಕೆಲಸವಾಗಿದ್ದು. ಹಿಂದಿನಿಂದ ಅವ್ವ, "ಅಯ್ಯೋ ಮುಂಡೇದೇ, ಬೀದೀಗೆಲ್ಲ ಜೂಸು ಅಂತ ಹೇಳಿವ್ನಲ್ಲೇ!" ಎಂದು ಬಾಯಿ ಬಡಿದುಕೊಂಡಳು. ಅಪ್ಪ ಅವಳನ್ನು ಸುಮ್ಮನಿರಿಸಿದ. ಜೀವಮಾನವೆಲ್ಲ ಹುಳಿಯನ್ನು ಆಲೆಮನೆಯಿಂದ ಆಚೆಗೆ ಓಡಿಸಿದ ಮನುಷ್ಯ. ಕಡೆಗೆ ಕೇಳಿದ, "ಕುಡೀತೀಯ?"

"ಇಲ್ಲ ಕಣಪ್ಪ. ಉಗೀತೀನಿ."

"ಊಂ." ಆಮೇಲೆ ಅಂದ: "ಚಿಕ್ಕೋಳಾಗಿದ್ದಾಗ ಒಂದ್ಸತಿ ನೆಗಡಿ ಬಂದು ಹದಿನೈದ್ ದಿನ ಮೂಗು ಕಟ್ಟ್‌ಕಂಡಿತ್ತು ನಿಂಗೆ. ಹಿಂದ್ಗಡೆ ಗುಂಡಿ ತಾವ್ಲೇ ಮೊದ್ಲು ಮೂಗ್ ಬಿಟ್ಟಿದ್ದು. ಲವಂಗ ಬುಡು. ಹುಳಿ ಮೂಸವ್ವ."

ಅಪ್ಪನ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆಯೇ ಲುಝಿಯಾ ಚೀಲ ಎತ್ತಿಕೊಂಡಳು. ಹಿಂದೆ ಡಚ್ಚರ ಆಳ್ವಿಕೆಯಲ್ಲಿದ್ದ ಸುರಿನಾಮ್ ದೇಶದವರ ಅಂಗಡಿಯಲ್ಲಿ ಕಬ್ಬು ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯಮ್ಮ ತುಂಡು ಮಾಡಿದ ಕಬ್ಬನ್ನು ಕಾಗದದಲ್ಲಿ ಸುತ್ತುತ್ತಾ ನನ್ನ ಮುಖ ನೋಡಿ, "ಇಂಡಿಯಾನಾ? ನಮ್ಮ ಮುತ್ತಜ್ಜನೂ ಅಲ್ಲಿಂದಲೇ ಸುರಿನಾಮಿಗೆ ಬಂದದ್ದು, ಕಬ್ಬು ಕಡಿಯೋದಕ್ಕೆ" ಎಂದು ಡಚ್ಚಿನಲ್ಲಿ ಹೇಳಿದಳು. ನನ್ನ ಅರೆಬರೆ ಡಚ್ಚಿನಲ್ಲಿ ಏನು ಉತ್ತರ ಕೊಡಬೇಕೋ ತಿಳಿಯದೆ ಕೈಮುಗಿದೆ. ಅವಳೂ ಮುಗಿದಳು.

ಸಿಪ್ಪೆ ಸುಲಿದು, ಮಿಕ್ಸಿಗೆ ಹಾಕಿ, ನನ್ನ ಹಳೇ ಕಾಟನ್ ದುಪಟ್ಟಾದಲ್ಲಿ ಹಿಂಡಿದೆವು. ಒಂದು ಜಾಡಿ ಹಾಲು. ಲುಝಿಯಾ ಹಿಡಿ ಜೋಳದ ಹಿಟ್ಟು ಹಾಕಿ ಹೀಟರಿನ ಪಕ್ಕ ಇಟ್ಟಳು. ಗಳಿಗೆಗೊಮ್ಮೆ ಹೋಗಿ ಬಗ್ಗಿ ನೋಡುತ್ತಿದ್ದೆ. ಮೊದಲ ದಿನ ಏನಿಲ್ಲ. ಎರಡನೇ ದಿನ ನೊರೆ ಕಟ್ಟಿತು, ವಾಸನೆಯಿಲ್ಲ. ಮೂರನೇ ದಿನ ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತೆ. ಬಹಳ ತೆಳ್ಳಗೆ, ಸೂಜಿಮೊನೆಯಷ್ಟು, ಏನೋ ಮೂಗಿನ ಒಳಗೆ ಚುಚ್ಚಿತು. ಜಾಡಿಯ ಬಾಯಿಗೆ ಮುಖ ಇಟ್ಟೆ.

"ಕೆಟ್ಟಿದೆ!" ಎಂದು ಕೂಗಿದೆ. "ಲುಝಿಯಾ, ಕೆಟ್ಟುಹೋಗಿದೆ ಕಣೇ!"

ಕೂಗಿದ್ದು ಕನ್ನಡದಲ್ಲಿ. ಆದರೂ ಅವಳಿಗೆ ಅರ್ಥವಾಗಿತ್ತು. ಆ ಏಣಿ ಮೆಟ್ಟಿಲನ್ನು ಎರಡೆರಡೇ ಹತ್ತಿ ಬಂದು ನನ್ನನ್ನು ಅಪ್ಪಿಕೊಂಡಳು. ಅಪ್ಪನಿಗೆ ಫೋನ್ ಹಚ್ಚಿ ಜಾಡಿ ತೋರಿಸಿದೆ. "ಹುಳಿ ಬಂದದಾ?" ಎಂದ. "ಬಂದದೆ ಕಣಪ್ಪ!" ಎಂದೆ. ಬಾಳಿನಲ್ಲಿ ಮೊದಲ ಸಲ ಆ ಮಾತು ಕೇಳಿ ಅಪ್ಪ ನಕ್ಕಿದ್ದು ಕಂಡೆ.

ಏಪ್ರಿಲ್ ಕೊನೆಯ ವಾರ ಮುನ್ನೂರನೇ ನಂಬರಿನ ಬಸ್ಸು ಹಿಡಿದು ಹೂಫ್‌ಡಾರ್ಪ್‌ಗೆ ಹೋದೆ. ಬಸ್ಸಿನಲ್ಲಿ ಮೂವರೇ ಇದ್ದೆವು. ಹೆಂಕ್ ಐದು ಲೋಟ ಇಟ್ಟ. ಎರಡರಲ್ಲಿ ಆ ಸೂಜಿಮೊನೆ ಸಿಕ್ಕಿತು. ಅವು ಕಶಾಸಾ ಎಂದು ಬರೆದೆ. ಉಳಿದ ಮೂರರ ಮುಂದೆ, "ನನಗೆ ಏನೂ ತಿಳಿಯುತ್ತಿಲ್ಲ" ಎಂದು ಇದ್ದದ್ದನ್ನೇ ಬರೆದೆ. ಹೆಂಕ್ ಆ ಸಾಲನ್ನು ಎರಡು ಸಲ ಓದಿ, ಹೊಸ ಕರಾರಿನ ಕಾಗದ ಸಹಿಗೆ ಮುಂದಕ್ಕೆ ತಳ್ಳಿದ.

ಮುಂದಿನ ವರ್ಷ ಊರಿಗೆ ಹೋದೆ. ಆ ಹೊತ್ತಿಗೆ ಒಗ್ಗರಣೆ, ಕಾಫಿ, ಹಯಸಿಂತ್, ರಮ್ಮು ಎಲ್ಲ ಮರಳಿದ್ದವು. ಬೆಲ್ಲ ಒಂದು ಬಂದಿರಲಿಲ್ಲ. ಊರಿನ ಕೊಪ್ಪರಿಗೆಯ ಮುಂದೆ ನಿಂತರೆ ಬಂದೀತೆಂದು ಆಸೆಯಿತ್ತು. ಆಲೆಮನೆಯಲ್ಲಿ ಪಾಕ ಉಕ್ಕುತ್ತಿತ್ತು, ರಸ್ತೆಯಲ್ಲಿ ಹೋಗುವವರೂ ಘಮಕ್ಕೆ ನಿಂತು ತಿರುಗಿ ನೋಡುತ್ತಿದ್ದರು. ಬಿಸಿ ಹಬೆಗೆ ಮುಖವೊಡ್ಡಿ ನಿಂತೆ.

"ಬಂತಾ?" ಎಂದ ಅಪ್ಪ, ಸೌಟು ಹಿಡಿದುಕೊಂಡೇ.

ಸುಳ್ಳು ಹೇಳುವುದು ಸುಲಭವಿತ್ತು. "ಇಲ್ಲ ಕಣಪ್ಪ" ಎಂದೆ.

ಅಪ್ಪ ಪಾಕ ಕದಡುತ್ತಾ ಹಿಂಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ. "ಓಗ್ಲಿ ಬುಡು. ಗುಂಡಿ ತಾವ್ ಓಗಿ ನಿಂತ್ಕೊ. ಅಲ್ಲಾದ್ರೂ ಬತ್ತದೆ."

ಹೋಗಿ ನಿಂತೆ. ಬಿಸಿಲಿಗೆ ಗುಂಡಿಯ ನೀರು ಗುಳುಗುಳು ಅನ್ನುತ್ತಿತ್ತು. ವಾಸನೆ ಬಂತು, ಜೋರಾಗಿಯೇ ಬಂತು. ಅದರ ಹಿಂದೆಯೇ ಹೊಳೆಯುವ ಸ್ಟೀಲ್ ಬಕೆಟ್ಟು, ಗಾಜಿನ ಕಿಟಕಿ, ತಲೆಯ ಮೇಲೆ ತಗ್ಗಾಗಿ ಇಳಿಯುವ ವಿಮಾನ ಬಂದವು. ಹುಟ್ಟಿದೂರಿನಲ್ಲಿ, ನಮ್ಮಪ್ಪನ ಆಲೆಮನೆಯ ಹಿತ್ತಿಲಲ್ಲಿ ನಿಂತು ನಾನು ಹೂಫ್‌ಡಾರ್ಪ್‌ಗಾಗಿ ಹಂಬಲಿಸಿ ಅತ್ತೆ.